ಅಪ್ಪ ಬಿಟ್ಟು ಹೋದ ಮನೆಗಳ ಸಿನಿಮಾ: ಕೊನೆಗೆ ಅಪ್ಪ ವಾಪಸ್ ಬರಬೇಕಾ?

ಘಟಪ್ರಭೆ_ದಂಡೆ (ಬಾಗಲಕೋಟೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಬಾಗಲಕೋಟೆಯ ಒಂದಿಷ್ಟು ಗೆಳೆಯರು ಸೇರಿ ಸಿನಿಮಾ ಮಾಡಲು ಹೊರಟಿದ್ದೇವೆ. ನಿರ್ಮಾಪಕ ಅಂತ ಯಾರೂ ಇಲ್ಲ, ಎಲ್ಲರೂ ಕೈಲಾದಷ್ಟು ಹಾಕುತ್ತಿದ್ದೇವೆ. ಹಾಡಿಲ್ಲ, ಹೊಡೆದಾಟವಿಲ್ಲ. ಒಂದು ಓಣಿ, ಮೂರು ಮನೆ. ಮೂರೂ ಮನೆಯ ಯಜಮಾನ ಮನೆ ಬಿಟ್ಟು ಹೋಗಿದ್ದಾನೆ. ಸತ್ತಿಲ್ಲ, ಜೈಲಿಗೆ ಹೋಗಿಲ್ಲ, ಸನ್ಯಾಸಿಯೂ ಆಗಿಲ್ಲ. ದುಡಿಯಲು ಹೋದವನು ತಿರುಗಿ ಬರಲಿಲ್ಲ, ಅಷ್ಟೇ.

ಕಥೆ ನಡೆಯೋದು ಹಳೇ ಬಾಗಲಕೋಟೆಯಲ್ಲಿ, ಮುಳುಗಡೆಯ ವರ್ಷಗಳಲ್ಲಿ. ಬೇರೆ ಕಡೆಯವರಿಗಾಗಿ ಸ್ವಲ್ಪ ಹೇಳ್ತೀನಿ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು ಅಡಿಗಲ್ಲು ಇಟ್ಟಿದ್ದು 1964ರಲ್ಲಿ. ಪೂರ್ತಿ ಮುಗಿದದ್ದು 2005ರಲ್ಲಿ. ಆ ಹಿನ್ನೀರು ಘಟಪ್ರಭೆಗೂ ಏರಿ ಬಂದು ನಮ್ಮ ಊರಿನ ತಗ್ಗಿನ ಓಣಿಗಳನ್ನು ತೆಗೆದುಕೊಂಡಿತು. ಮನೆ ಕಳೆದುಕೊಂಡವರಿಗೆ ನವನಗರ ಕಟ್ಟಿದರು. ಅದರ ನಕ್ಷೆ ಹಾಕಿದ್ದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಅಗಲ ರಸ್ತೆ, ಸೆಕ್ಟರ್ ನಂಬರ್. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು, ಕಚೇರಿಗಳೆಲ್ಲ ಆ ಕಡೆ ಹೋದವು. ಹಳೇ ಊರಿನಲ್ಲಿ ಪೇಟೆ ಇವತ್ತಿಗೂ ಇದೆ, ಜನ ಇದ್ದಾರೆ. ಆದರೆ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದು ಅಂತ 2010ರಲ್ಲಿ ಕೃಷ್ಣಾ ನೀರು ಹಂಚುವ ನ್ಯಾಯಮಂಡಳಿ ಹೇಳಿದ ಮೇಲೆ, ಉಳಿದ ಮನೆಗಳೂ ಇವತ್ತೋ ನಾಳೆಯೋ ಅಂತ ಕೂತಿವೆ. ಗೋಡೆ ಬಿರುಕು ಬಿಟ್ಟರೆ ಕಟ್ಟಿಸಲ್ಲ, ಹಬ್ಬಕ್ಕೆ ಸುಣ್ಣ ಹಚ್ಚಲ್ಲ. ಹೋಗೋ ಮನೆಗೆ ಯಾಕೆ ಖರ್ಚು ಅಂತಾರೆ.

ನಮ್ಮ ತಂಡದಲ್ಲಿ ಜಗಳ ಬಿದ್ದಿರೋದು ಅಪ್ಪನ ವಿಷಯಕ್ಕೆ. ಅಪ್ಪ ಯಾಕೆ ಹೋದ ಅನ್ನೋದಕ್ಕೆ ಒಂದು ದೃಶ್ಯ ಇರಲೇಬೇಕು ಅಂತ ಒಬ್ಬ ಹಟ ಹಿಡಿದಿದ್ದಾನೆ. ಇನ್ನೊಬ್ಬ, ಕೊನೆಗೆ ಅಪ್ಪ ಬಂದು ಬಾಗಿಲಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಜನ ಬೈದುಕೊಂಡು ಹೋಗ್ತಾರೆ ಅಂತಾನೆ. ನನಗೆ ಎರಡೂ ಮನಸ್ಸಿಗೆ ಬರ್ತಿಲ್ಲ. ಆದರೆ ಸ್ಕ್ರಿಪ್ಟ್ ಓದಿದವರೆಲ್ಲ, ಇಷ್ಟೊಂದು ಕತ್ತಲೆ ಯಾರು ನೋಡ್ತಾರಪ್ಪಾ ಅಂತ ಕೇಳ್ತಿದ್ದಾರೆ. ಮುಳುಗಡೆ ನೋಡಿದವರು, ಇಂಥ ಮನೆಯಲ್ಲಿ ಬೆಳೆದವರು, ನ್ಯಾಯಾಲಯದ ವಿಷಯ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಸುಮ್ನೆ ಚೆನ್ನಾಗಿದೆ ಅನ್ನೋದು ಬೇಡ, ತಪ್ಪಿದ್ದರೆ ತಪ್ಪು ಅಂತಲೇ ಬರೆಯಿರಿ.


ಮುಳುಗಡೆ_ಮನೆ (ನವನಗರ) ಬರೆದದ್ದು:

ತಮ್ಮಾ, ನಮ್ಮ ಮನೆ ಹೋಗಿದ್ದು ಮೊದಲನೇ ಸುತ್ತಿನಲ್ಲೇ. ಹಾಗಾಗಿ ಹೇಳೋಕೆ ಬಹಳ ಇದೆ, ಎಲ್ಲ ಬರೆಯಲ್ಲ.

ಒಂದು ಮುಖ್ಯ ಮಾತು. ಊರು ಮುಳುಗಿತು, ಅದಕ್ಕೇ ಅಪ್ಪ ಹೋದ ಅಂತ ನಿಮ್ಮ ಸಿನಿಮಾ ಹೇಳಿದರೆ ನಾನು ಒಪ್ಪಲ್ಲ. ಊರು ಮುಳುಗಿದ್ದು ಎಲ್ಲರಿಗೂ. ಅದೇ ಓಣಿ, ಅದೇ ನೀರು, ಅದೇ ಸಾಲ. ಹೆಣ್ಮಕ್ಕಳು ಎಲ್ಲಿಗೆ ಹೋದರು? ಎಲ್ಲಿಗೂ ಹೋಗಲಿಲ್ಲ. ರೊಟ್ಟಿ ಬಡಿದು ಮಾರಿದರು, ಭಾಂಡೆ ತಿಕ್ಕಿದರು, ಮಕ್ಕಳನ್ನು ಶಾಲೆಗೆ ಕಳಿಸಿದರು. ಆ ಪ್ರಶ್ನೆ ನೋಡೋರ ತಲೆಯಲ್ಲಿ ಬರಬೇಕು. ಬರದಿದ್ದರೆ ಸಿನಿಮಾ ಅಪ್ಪನ ಪರ ವಕಾಲತ್ತು ಹಿಡಿದ ಹಾಗೆ ಆಗುತ್ತದೆ.

ಹಾಗಂತ ಮುಳುಗಡೆಗೂ ಇದಕ್ಕೂ ಸಂಬಂಧ ಇಲ್ಲ ಅಂತಲ್ಲ. ಪರಿಹಾರದ ಹಣ ಬಂದಿದ್ದು ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಯಾರ ಹೆಸರು ಇತ್ತೋ ಅವರಿಗೆ. ಅಂದರೆ ಹೆಚ್ಚುಕಮ್ಮಿ ಎಲ್ಲ ಗಂಡಸರಿಗೆ. ದಿನಗೂಲಿ ನೋಡಿದ್ದ ಕೈಗೆ ಒಂದೇ ಸಲಕ್ಕೆ ಅಷ್ಟು ಹಣ ಬಂತು. ಅಣ್ಣತಮ್ಮಂದಿರ ಜಗಳ ಶುರುವಾಯಿತು, ಪಾಲು ಆಯಿತು. ಒಳ್ಳೆಯ ಗಂಡಸರು ನವನಗರದಲ್ಲಿ ಗೋಡೆ ಎಬ್ಬಿಸಿದರು. ಕೆಲವರು ಮೋಟರ್‌ಸೈಕಲ್ ತಗೊಂಡರು, ಇಸ್ಪೀಟ್ ಆಡಿದರು, ಯಾರೋ ಹೇಳಿದ ವ್ಯಾಪಾರಕ್ಕೆ ಹಾಕಿದರು. ಹಣ ಮುಗಿದ ಮೇಲೆ ಹೆಂಡತಿಗೆ ಮುಖ ತೋರಿಸೋಕಾಗದೆ ಸೊಲ್ಲಾಪುರದ ರೈಲು ಹತ್ತಿದವರು ನಮ್ಮ ಬೀದಿಯಲ್ಲೇ ಇದ್ದರು.

ಇನ್ನೊಂದು ನಿಮ್ಮ ಕಥೆಯಲ್ಲಿ ಇರಲೇಬೇಕು. ಉದ್ರಿ, ಅಂದರೆ ಅಂಗಡಿಯ ಸಾಲ. ಹಳೇ ಓಣಿಯಲ್ಲಿ ಗಂಡ ಇರಲಿ ಬಿಡಲಿ, ಮೂಲೆಯ ಅಂಗಡಿಯವನು ಅಕ್ಕಿ, ಎಣ್ಣೆ, ಚಹಾಪುಡಿ ಉದ್ರಿ ಕೊಡುತ್ತಿದ್ದ. ಅವನಿಗೆ ನಿಮ್ಮ ಅಜ್ಜನೂ ಗೊತ್ತು, ನಿಮ್ಮ ಅವ್ವನ ತವರೂ ಗೊತ್ತು. ಓಣಿ ಒಡೆದು ಒಬ್ಬರು ಈ ಸೆಕ್ಟರ್, ಒಬ್ಬರು ಆ ಸೆಕ್ಟರ್ ಆದಮೇಲೆ ಹೊಸ ಅಂಗಡಿಯವನು ಕೇಳುವ ಮೊದಲ ಮಾತೇ, ನಿಮ್ಮ ಮನೆಯವರು ಏನು ಮಾಡ್ತಾರೆ ಅಂತ. ಗಂಡ ಬಿಟ್ಟು ಹೋದವಳು ಅದಕ್ಕೆ ಏನು ಹೇಳಬೇಕು? ಊರು ಹೋಯಿತು ಅಂದರೆ ಬರೀ ಗೋಡೆ ಹೋಗಿದ್ದು ಅಂತ ತಿಳಿಯಬೇಡಿ. ಆ ಹೆಂಗಸು ಗಂಡ ಇಲ್ಲದೆಯೂ ಬದುಕಬಹುದಾಗಿದ್ದ ಏರ್ಪಾಡು ಹೋಯಿತು. ನನಗೆ ಹೆಚ್ಚು ಹೊಟ್ಟೆ ಉರಿಯೋದು ಇದಕ್ಕೇ.

ಮನೆ ಬಿಚ್ಚುವ ದೃಶ್ಯ ಇದ್ದರೆ ಸರಿಯಾಗಿ ತೋರಿಸಿ. ಮೊದಲು ಬಾಗಿಲು, ಆಮೇಲೆ ಚೌಕಟ್ಟು, ಆಮೇಲೆ ತೊಲೆ, ಜಂತಿ. ಸಾಗವಾನಿ ಇದ್ದರೆ ಅಲ್ಲೇ ವ್ಯಾಪಾರ ಆಗುತ್ತಿತ್ತು. ಬಾಗಿಲು ಬಿಚ್ಚಿದ ಮನೆಯಲ್ಲಿ ಇನ್ನೂ ಸಂಸಾರ ನಡೀತಾ ಇರುತ್ತಿತ್ತು, ಬಾಗಿಲಿಗೆ ಸೀರೆ ಕಟ್ಟಿಕೊಂಡು.


ಮಗ್ಗದ_ಮನೆ (ಗುಳೇದಗುಡ್ಡ) ಬರೆದದ್ದು:

ಅಣ್ಣಾ, ನಾನು ಇಂಥ ಮನೆಯಲ್ಲೇ ಬೆಳೆದವಳು. ಅಪ್ಪ ಹೋದಾಗ ನಾನು ಹೈಸ್ಕೂಲಿನಲ್ಲಿದ್ದೆ. ನಮ್ಮದು ಮುಳುಗಡೆ ಊರಲ್ಲ, ಆದರೆ ನಮ್ಮ ಊರೂ ನಿಧಾನಕ್ಕೆ ಖಾಲಿಯಾಗಿದ್ದೇ. ಗುಳೇದಗುಡ್ಡದ ಖಣ ಅಂದರೆ ಒಂದು ಕಾಲಕ್ಕೆ ಈ ಕಡೆಯೂ ಮಹಾರಾಷ್ಟ್ರದಲ್ಲೂ ಹೆಣ್ಮಕ್ಕಳು ಹುಡುಕಿಕೊಂಡು ತಗೊಳ್ಳೋರು. ಓಣಿಗೆ ಓಣಿಯೇ ಮಗ್ಗ. ಆಮೇಲೆ ಪವರ್‌ಲೂಮ್ ಬಟ್ಟೆ ಅಗ್ಗಕ್ಕೆ ಬಂತು, ಖಣದ ಕುಪ್ಪಸ ತೊಡುವವರೂ ಕಮ್ಮಿಯಾದರು, ಕೈಮಗ್ಗದವರ ಮಜೂರಿ ಏರಲೇ ಇಲ್ಲ.

ಅಪ್ಪ ಯಾಕೆ ಹೋದ ಅಂತ ಒಂದು ದೃಶ್ಯ ಇರಬೇಕು ಅಂತ ನಿಮ್ಮ ಗೆಳೆಯರು ಹೇಳ್ತಾರಲ್ಲ, ಅವರಿಗೆ ಇದನ್ನು ಓದಿಸಿ. ನಮ್ಮ ಮನೆಯಲ್ಲಿ ಅಂಥ ದಿನವೇ ಇರಲಿಲ್ಲ. ಅಪ್ಪ ಇಚಲಕರಂಜಿಗೆ ಪವರ್‌ಲೂಮ್ ಕೆಲಸಕ್ಕೆ ಹೋದ. ಮೊದಮೊದಲು ದಸರಾ, ದೀಪಾವಳಿ, ಹೋಳಿ, ಜಾತ್ರೆ ಎಲ್ಲಕ್ಕೂ ಬರುತ್ತಿದ್ದ. ಆಮೇಲೆ ದೀಪಾವಳಿಗೆ ಮಾತ್ರ. ಆಮೇಲೆ ದುಡ್ಡು ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಆಮೇಲೆ ಯಾರದೋ ಕೈಲಿ, ಮುಂದಿನ ತಿಂಗಳು ಕಳಿಸ್ತಾನಂತೆ ಅನ್ನುವ ಮಾತು ಬರುತ್ತಿತ್ತು. ಆಮೇಲೆ ಆ ಮಾತೂ ಇಲ್ಲ. ಇದರಲ್ಲಿ ಯಾವ ದಿನ ಅಪ್ಪ ನಮ್ಮನ್ನು ಬಿಟ್ಟ? ಅವ್ವನನ್ನು ಯಾರಾದರೂ ಕೇಳಿದರೆ ಇಷ್ಟು ವರ್ಷ ಆದಮೇಲೂ, ದುಡಿಯಾಕ ಹೋಗ್ಯಾನ ಅಂತಲೇ ಹೇಳುತ್ತಿದ್ದಳು. ಇನ್ನೊಂದು ಸಂಸಾರ ಮಾಡ್ಕೊಂಡಾನ ಅನ್ನೋದು ಇಡೀ ಓಣಿಗೆ ಗೊತ್ತಿತ್ತು, ಆದರೂ ಅವಳೆದುರು ಯಾರೂ ಅಂದವರಲ್ಲ.

ಒಂದು ಸಂಗತಿ ಹೇಳ್ತೀನಿ, ಬೇಕಿದ್ದರೆ ಬಳಸಿಕೊಳ್ಳಿ. ಅಪ್ಪ ಹೋಗುವಾಗ ಮಗ್ಗದ ಮೇಲೆ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಅರ್ಧ ಹಾಗೇ ಇತ್ತು. ನೂಲು ನಮ್ಮದಲ್ಲ. ಸಾವಕಾರರು ನೂಲು ಕೊಡ್ತಾರೆ, ನೇಯ್ದು ಕೊಟ್ಟರೆ ಮಜೂರಿ ಕೊಡ್ತಾರೆ. ಒಂದು ವಾರ ನೋಡಿ ಸಾವಕಾರರ ಆಳು ಬಂದ. ನೇಯ್ದು ಕೊಡಿ, ಇಲ್ಲಾ ನೂಲಿನ ದುಡ್ಡು ಕೊಡಿ ಅಂದ. ಅವ್ವನಿಗೆ ಕಂಡಿಕೆಗೆ ನೂಲು ಸುತ್ತೋದು ಗೊತ್ತು, ಮಗ್ಗದಲ್ಲಿ ಕೂತು ಅಭ್ಯಾಸ ಇರಲಿಲ್ಲ. ಕೂತಳು. ಕುಣಿ ಮಗ್ಗ ಅದು, ನೆಲದಲ್ಲಿ ತಗ್ಗು ತೋಡಿರುತ್ತಾರೆ, ಅದರೊಳಗೆ ಕಾಲು ಇಳಿಬಿಟ್ಟು ತುಳಿಗೆ ತುಳಿಯಬೇಕು. ಅವಳ ಕಾಲು ಸರಿಯಾಗಿ ಮುಟ್ಟುತ್ತಿರಲಿಲ್ಲ. ಅಪ್ಪ ಎತ್ತರದವನು, ತಗ್ಗು ಅವನ ಅಳತೆಗೆ ತೋಡಿದ್ದು. ಮಾವ ಬಂದು ಎರಡು ಇಟ್ಟಿಗೆ ಹಾಕಿ ಅದರ ಮೇಲೆ ಹಲಗೆ ಕಟ್ಟಿಕೊಟ್ಟ. ಎಳೆ ಹರಿಯುತ್ತಿತ್ತು, ಬಿಗಿ ಒಂದೇ ಸಮ ಬರುತ್ತಿರಲಿಲ್ಲ. ಅಪ್ಪ ನೇಯ್ದ ಗೇಣುಗಳು ಎಲ್ಲಿ ಮುಗೀತವೆ, ಅವ್ವನವು ಎಲ್ಲಿ ಶುರುವಾಗ್ತವೆ ಅಂತ ಬಟ್ಟೆ ಮೇಲೆ ಕೈಯಾಡಿಸಿದರೆ ಗೊತ್ತಾಗುತ್ತಿತ್ತು. ಸಾವಕಾರರು ಆ ತುಂಡಿಗೆ ಮಜೂರಿ ಮುರಿದುಕೊಂಡರು. ಮುಂದಿನ ಹಾಸು ನೇಯ್ದಾಗ ಮುರಿಯಲಿಲ್ಲ. ಆಮೇಲೆ ನಾನೂ ಶಾಲೆ ಬಿಟ್ಟು ಬಂದು ಕೂರುತ್ತಿದ್ದೆ.

ಇನ್ನು ಅಪ್ಪ ಬಾಗಿಲಲ್ಲಿ ಬಂದು ನಿಲ್ಲೋ ವಿಷಯ. ನನ್ನ ಮದುವೆ ಕಾರ್ಡ್‌ನಲ್ಲಿ ಅವನ ಹೆಸರು ಅಚ್ಚು ಹಾಕಿಸಿದ್ದಳು ಅವ್ವ. ಶ್ರೀಮತಿ ಮತ್ತು ಶ್ರೀ ಅಂತ. ನಾನು ಜಗಳ ಮಾಡಿದೆ. ಬೀಗರ ಕಡೆಯವರು ಕಾರ್ಡ್ ನೋಡ್ತಾರೆ ಅಂದಳು, ಅಷ್ಟೇ ಅಂದಳು. ಧಾರೆ ಎರೆದಿದ್ದು ಮಾವ. ಅಪ್ಪ ಬರಲಿಲ್ಲ. ಬಂದಿದ್ದು ಇನ್ನೂ ಬಹಳ ವರ್ಷ ಆದಮೇಲೆ, ಸಕ್ಕರೆ ಕಾಯಿಲೆಯಿಂದ ಕಾಲಿನ ಗಾಯ ಮಾಯದೆ, ಆ ಕಡೆಯವರು ಕೈಬಿಟ್ಟ ಮೇಲೆ. ಕ್ಷಮೆ ಕೇಳಲಿಲ್ಲ. ಅವ್ವನೂ ಕೇಳು ಅನ್ನಲಿಲ್ಲ. ಊಟಕ್ಕೆ ಹಾಕಿದಳು, ಪಡಸಾಲೆಯಲ್ಲಿ ಹಾಸಿಗೆ ಹಾಸಿದಳು, ಗಾಯ ತೊಳೆದಳು. ಮಗ್ಗ ಇರೋ ಕೋಣೆಗೆ ಮಾತ್ರ ಬಿಡಲಿಲ್ಲ. ಅವನು ಒಂದು ಸಲ ಎದ್ದು ಹೋಗಿ ಕೂರೋಕೆ ನೋಡಿದ, ಅದು ನಂದೈತಿ, ಅಲ್ಲಿ ಕುಂಡ್ರಬ್ಯಾಡ ಅಂದಳು.

ಹಾಗಾಗಿ ಅಪ್ಪ ವಾಪಸ್ ಬರೋದೇ ಇಲ್ಲ ಅನ್ನೋದೂ ಸುಳ್ಳು. ಬರ್ತಾರೆ. ಸುಮಾರು ಜನ ಬರ್ತಾರೆ. ಬಂದಾಗ ಅವರಿಗೆ ಏನೋ ಬೇಕಿರುತ್ತದೆ. ಸಿನಿಮಾದಲ್ಲಿ ಬಂದು ಅತ್ತು ಎಲ್ಲರೂ ತಬ್ಬಿಕೊಂಡರೆ ನಾನು ಅರ್ಧಕ್ಕೇ ಎದ್ದು ಬರ್ತೀನಿ.


ವಾಸ್ಕೋ_ಗೌಂಡಿ (ಮೂಲ ಇಂಡಿ ತಾಲೂಕು) ಬರೆದದ್ದು:

ಅಕ್ಕಾ ನೀವು ಬರೆದಿದ್ದು ಓದಿ ಸುಮಾರು ಹೊತ್ತು ಏನೂ ಬರೆಯೋಕಾಗಲಿಲ್ಲ. ನಾನು ಗೋವಾದಲ್ಲಿ ಕಟ್ಟಡ ಕೆಲಸ ಮಾಡ್ತೀನಿ. ಊರಿಗೆ ದುಡ್ಡು ಕಳಿಸ್ತೀನಿ, ಹಬ್ಬಕ್ಕೆ ಹೋಗ್ತೀನಿ. ಹೋಗದವರ ಜೊತೆ ಒಂದೇ ಕೋಣೆಯಲ್ಲಿ ಇದ್ದೀನಿ, ಅದಕ್ಕೇ ಬರೀತಿದ್ದೀನಿ.

ಹೋಗದವನು ಶುರುವಿನಲ್ಲಿ ದುಷ್ಟ ಏನಲ್ಲ. ಮಳೆಗಾಲದಲ್ಲಿ ಕೆಲಸ ನಿಲ್ಲುತ್ತದೆ, ಇದ್ದ ದುಡ್ಡು ಖರ್ಚಾಗುತ್ತದೆ. ಬರಿಗೈಲಿ ಊರಿಗೆ ಹೇಗೆ ಹೋಗಲಿ ಅಂತ ಒಂದು ಹಬ್ಬ ಬಿಡ್ತಾನೆ. ಮುಂದಿನ ಹಬ್ಬಕ್ಕೆ ಎರಡು ಹಬ್ಬದ ಲೆಕ್ಕ ಕೊಡಬೇಕಲ್ಲ, ಅದನ್ನೂ ಬಿಡ್ತಾನೆ. ಮಗಳು ಫೋನಿನಲ್ಲಿ ಯಾವಾಗ ಬರ್ತಿ ಅಂತ ಕೇಳ್ತಾಳೆ ಅಂತ ಫೋನೇ ಎತ್ತಲ್ಲ. ಕುಡಿಯೋದು ಜಾಸ್ತಿ ಆಗ್ತದೆ. 2004ರಲ್ಲಿ ಇಲ್ಲಿ ವಾಸ್ಕೋದ ಬೈನಾ ಕಡಲ ದಂಡೆಯ ಗುಡಿಸಲುಗಳನ್ನು ಕೆಡವಿದರು, ನಮ್ಮ ಕಡೆಯ ಜನ ಬಹಳ ಇದ್ದರು ಅಲ್ಲಿ. ಆಗ ಊರಿನವರಿಗೆ ಇದ್ದ ವಿಳಾಸವೂ ಹೋಯಿತು. ಕೆಲವರು ಹೊಸ ವಿಳಾಸ ಬರೆದು ಕಳಿಸಿದರು. ಕೆಲವರು ಕಳಿಸಲಿಲ್ಲ, ಕಳಿಸಬಹುದಿತ್ತು.

ಕಬ್ಬು ಕಡಿಯೋ ಗ್ಯಾಂಗಿನದು ಇನ್ನೂ ಕೆಟ್ಟದ್ದು. ದೀಪಾವಳಿ ಹೊತ್ತಿಗೆ ಮುಕಾದಮನ (ಆಳು ಕರೆದೊಯ್ಯುವ ಮೇಸ್ತ್ರಿ) ಹತ್ತಿರ ಮುಂಗಡ ತಗೊಂಡು ಸಾಂಗಲಿ, ಕೊಲ್ಲಾಪುರ ಕಡೆ ಹೋಗ್ತಾರೆ. ಗಂಡ ಮುಂಗಡ ತಗೊಂಡು ನಡುವೆಯೇ ಓಡಿ ಹೋದರೆ ಮುಕಾದಮ ಬರೋದು ಮನೆಗೆ. ಹೆಂಡತಿ ಮುಂದಿನ ಹಂಗಾಮಿಗೆ ಹೋಗಿ ಗಂಡನ ಸಾಲ ಕಡಿದು ತೀರಿಸಬೇಕು. ಅವಳ ಜೊತೆ ಬೆಳೆದ ಮಗನೂ ಹೋಗ್ತಾನೆ, ಅಲ್ಲಿಗೆ ಅವನ ಶಾಲೆ ಮುಗೀತು. ನಿಮ್ಮ ಮೂರು ಮನೆಯಲ್ಲಿ ಒಂದು ಇಂಥದ್ದು ಇರಲಿ ಅಂತ ನನ್ನ ಆಸೆ.

ಗಂಡಸನ್ನು ಖಳನಾಯಕ ಮಾಡಬೇಡಿ ಅಂತ ಕೇಳ್ಕೋತೀನಿ. ಅವನ ನಾಚಿಕೆಯನ್ನೂ ಒಂದು ಕಡೆ ತೋರಿಸಿ.


ಮಗ್ಗದ_ಮನೆ ಬರೆದದ್ದು:

ತಮ್ಮಾ, ನೀನು ಊರಿಗೆ ಹೋಗ್ತೀಯಲ್ಲ, ಆ ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ. ಆದರೆ ನಾಚಿಕೆ ಅನ್ನೋದು ನಮ್ಮ ಅವ್ವನಿಗೂ ಇತ್ತು. ಕಿರಾಣಿ ಅಂಗಡಿ ಮುಂದೆ ನಿಂತಾಗ ಇತ್ತು, ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನ ಗೆಳೆಯರು ಎದುರಾದಾಗ ಇತ್ತು. ನಾಚಿಕೆ ಆಯಿತು ಅಂತ ಅವಳು ಮನೆ ಬಿಡಲಿಲ್ಲ. ಅವನ ನಾಚಿಕೆ ತೋರಿಸಿದರೆ ಇದನ್ನೂ ತೋರಿಸಬೇಕು.


ಜೀವನಾಂಶ_ಕೇಸು (ವಿಜಯಪುರ) ಬರೆದದ್ದು:

ನಾನು ವಕೀಲೆ. ಇಂಥ ಪ್ರಕರಣ ದಿನಾ ನೋಡ್ತೀನಿ. ನಿಮ್ಮ ಕಥೆಯಲ್ಲಿ ಕೋರ್ಟಿನ ದೃಶ್ಯ ಇದ್ದರೆ ದಯವಿಟ್ಟು ಕಟಕಟೆ, ಜೋರು ಭಾಷಣ ಬೇಡ.

ಬಿಟ್ಟು ಹೋದ ಗಂಡನಿಂದ ಜೀವನಾಂಶ ಕೇಳುವ ಅರ್ಜಿ ನಿಮ್ಮ ಕಥೆಯ ಕಾಲದಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಕೆಳಗೆ ಬರುತ್ತಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಒಂದು ವಿಷಯ ನೆನಪಿರಲಿ, ಕಥೆ ತೊಂಬತ್ತರ ದಶಕದಲ್ಲಿ ನಡೆದರೆ ಆಗ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವ ಹಾಗೆ ಇರಲಿಲ್ಲ. ಆ ಮಿತಿ ತೆಗೆದದ್ದು 2001ರ ತಿದ್ದುಪಡಿಯಲ್ಲಿ. ಹೆಂಡತಿ ತಾನು ಇರುವ ಊರಿನಲ್ಲೇ ಅರ್ಜಿ ಹಾಕಬಹುದು. ಕೊಡದಿದ್ದರೆ ವಾರಂಟ್ ಹೊರಡುತ್ತದೆ, ಜೈಲಿಗೂ ಹಾಕಬಹುದು. ಓದೋಕೆ ಎಲ್ಲ ಸರಿಯಾಗಿಯೇ ಇದೆ. ಆದರೆ ಸಮನ್ಸ್ ಜಾರಿ ಆಗಬೇಕಲ್ಲ, ಎಲ್ಲಿಗೆ? ಗೌಂಡಿ ಕೆಲಸದವನಿಗೆ ವಿಳಾಸ ಇಲ್ಲ, ಸಂಬಳದ ಚೀಟಿ ಇಲ್ಲ. ವಿಳಾಸದಾರ ಇಲ್ಲ ಅಂತ ಲಕೋಟೆ ವಾಪಸ್ ಬರುತ್ತದೆ. ಇಬ್ಬರೂ ತಮ್ಮ ಆದಾಯ, ಖರ್ಚು, ಆಸ್ತಿಯ ಪ್ರಮಾಣಪತ್ರ ಹಾಕಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಒಳ್ಳೆಯ ತೀರ್ಪು. ಸಿಕ್ಕಿರುವ ಗಂಡನ ಮೇಲೆ ಅದು ನಡೆಯುತ್ತದೆ.

ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಕಾನೂನು ಅವನು ತೀರಿಕೊಂಡ ಅಂತ ಭಾವಿಸಲು ಅವಕಾಶ ಕೊಡುತ್ತದೆ. ನ್ಯಾಯಾಲಯದಿಂದ ಹಾಗೆ ಘೋಷಣೆ ಪಡೆದರೆ ಮನೆ, ಹೊಲ, ಪಿಂಚಣಿ ಎಲ್ಲದಕ್ಕೂ ದಾರಿ ಆಗುತ್ತದೆ. ವಿಧವಾ ವೇತನ ವಿಧವೆಗೆ. ಸರ್ಕಾರದ ಮನಸ್ವಿನಿ ಮಾಸಾಶನ ಇರೋದು ಮದುವೆಯಾಗದವರಿಗೆ, ವಿಚ್ಛೇದನ ಆದವರಿಗೆ. ಗಂಡ ಬಿಟ್ಟು ಹೋದವಳು ಎರಡರಲ್ಲೂ ಇಲ್ಲ. ಹಾಗಿದ್ದರೂ ಈ ಏಳು ವರ್ಷದ ಅರ್ಜಿ ಹಾಕಲು ಹೆಂಗಸರು ಬರಲ್ಲ. ನಾನು ಕೂಡಿಸಿಕೊಂಡು ತಿಳಿಸಿ ಹೇಳಿದರೂ ಬರಲ್ಲ. ಯಾಕೆ ಗೊತ್ತಾ? ಆ ಕಾಗದ ಕೈಗೆ ಬಂದ ದಿನ ಕುಂಕುಮ ಅಳಿಸಬೇಕು, ಬಳೆ ತೆಗೆಯಬೇಕು, ತಾಳಿ ಬಿಚ್ಚಬೇಕು. ಸೋಬಾನೆ ಪದ ಹಾಡಲು ಯಾರೂ ಕರೆಯಲ್ಲ, ಉಡಿ ತುಂಬಲ್ಲ. ಬರದೇ ಇರುವ ಗಂಡ ಅಷ್ಟಾದರೂ ಕೊಟ್ಟಿರುತ್ತಾನೆ, ಅದನ್ನೂ ಯಾಕೆ ಕಳೆದುಕೊಳ್ಳಲಿ ಅಂತ ಒಬ್ಬ ಹೆಂಗಸು ನನ್ನನ್ನೇ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು. ಮಗ್ಗದ ಮನೆಯವರು ಬರೆದದ್ದು ಓದಿ ಇದನ್ನು ಹೇಳಲೇಬೇಕು ಅನ್ನಿಸಿತು. ಅದೇ ಕಲಂ ಕೆಳಗೆ ಮುಪ್ಪಿನಲ್ಲಿ ತಂದೆ ತಾಯಿಯೂ ಮಕ್ಕಳಿಂದ ಜೀವನಾಂಶ ಕೇಳಬಹುದು. ಮದುವೆಯಾದ ಮಗಳ ಮೇಲೂ ಈ ಹೊಣೆ ಇದೆ ಅಂತ ಸುಪ್ರೀಂ ಕೋರ್ಟ್ 1987ರಲ್ಲೇ ಹೇಳಿದೆ. 2007ರ ಹಿರಿಯ ನಾಗರಿಕರ ಕಾಯ್ದೆಯೂ ಇದೆ, ಅದರಲ್ಲಿ ವಕೀಲರೂ ಬೇಕಿಲ್ಲ. ಮಕ್ಕಳನ್ನು ಬಿಟ್ಟು ಹೋದ ಅಪ್ಪ ಕೇಳುವಂತಿಲ್ಲ ಅಂತ ಆ ಕಲಂನಲ್ಲಿ ಎಲ್ಲೂ ಬರೆದಿಲ್ಲ. ಅಂದರೆ ಮಗಳ ಶಾಲೆಗೆ ಒಂದು ಪೈಸೆ ಕೊಡದವನು ಅರವತ್ತು ದಾಟಿದ ಮೇಲೆ ಅವಳ ಮನೆಗೆ ನೋಟಿಸ್ ಕಳಿಸಬಹುದು. ಆಗ ವಿಳಾಸ ಸಿಗುತ್ತದೆ ನೋಡಿ. ಅಪ್ಪನಿಗೆ ಮಗಳ ವಿಳಾಸ ಯಾವತ್ತೂ ಗೊತ್ತಿರುತ್ತದೆ.


ರಂಗದ_ಪಡಸಾಲೆ (ಬೆಳಗಾವಿ) ಬರೆದದ್ದು:

ಕತ್ತಲೆ ಜಾಸ್ತಿ ಆಯಿತಾ ಅನ್ನೋ ಪ್ರಶ್ನೆಗೆ ನಾನು ಹೇಳ್ತೀನಿ, ಹವ್ಯಾಸಿ ನಾಟಕ ಮಾಡಿಸಿಕೊಂಡು ಬಂದವನು.

ನಮ್ಮ ಜನ ದುಃಖ ನೋಡಲ್ಲ ಅನ್ನೋದು ಸುಳ್ಳು. ಬನದ ಹುಣ್ಣಿಮೆಗೆ ಬಾದಾಮಿ ಹತ್ತಿರ ಬನಶಂಕರಿ ಜಾತ್ರೆಗೆ ಹೋಗಿ ನೋಡಿ, ನಾಟಕ ಕಂಪನಿಗಳ ಟೆಂಟು ಎಷ್ಟು ಬಿದ್ದಿರ್ತವೆ. ಚಳಿಯಲ್ಲಿ ನಡುರಾತ್ರಿ ಟಿಕೆಟ್ ತಗೊಂಡು ಕೂತು ಅಳುತ್ತಾರೆ. ಅವರು ಸಹಿಸದಿರೋದು ಬೇಜಾರನ್ನು. ನಿಮ್ಮ ಸ್ಕ್ರಿಪ್ಟ್ ಓದಿದವರು ಕತ್ತಲೆ ಅಂದದ್ದು ಪಾತ್ರಗಳು ಸುಮ್ನೆ ಕೂತು ಕಿಟಕಿ ನೋಡೋದಕ್ಕೆ ಇರಬೇಕು. ಗಂಡ ಬಿಟ್ಟು ಹೋದ ಮನೆಯಲ್ಲಿ ಯಾರಿಗೂ ಕಿಟಕಿ ಮುಂದೆ ಕೂರೋಕೆ ಪುರಸೊತ್ತು ಇರಲ್ಲ. ಕೆಲಸ ತೋರಿಸಿ. ಮೇಲೆ ಅವ್ವ ಮಗ್ಗಕ್ಕೆ ಇಟ್ಟಿಗೆ ಹಾಕಿಸಿಕೊಂಡ ಸಂಗತಿ ಇದೆಯಲ್ಲ, ಅದು ಹತ್ತು ನಿಮಿಷ ನಡೆದರೂ ಒಬ್ಬರೂ ಏಳಲ್ಲ.

ಎರಡನೆಯದು ಬೆಳಕು. ದುಃಖದ ಸಿನಿಮಾ ಅಂದರೆ ಮೋಡ, ಮಳೆ, ಮಬ್ಬು ಅಂತ ಎಲ್ಲೋ ನೋಡಿ ಕಲಿತಿದ್ದೀವಿ. ನಮ್ಮ ಕಡೆ ಕೆಟ್ಟದ್ದೆಲ್ಲ ನಡೆಯೋದು ಉರಿಬಿಸಿಲಿನಲ್ಲಿ. ಮೇ ತಿಂಗಳಲ್ಲಿ ಚಿತ್ರೀಕರಣ ಮಾಡಿ. ಆಗ ಹಿನ್ನೀರು ಇಳಿದಿರುತ್ತದೆ, ದಂಡೆಯ ಮಣ್ಣು ಬಿರುಕು ಬಿಟ್ಟಿರುತ್ತದೆ, ನೆರಳೇ ಇರಲ್ಲ.

ಹೋಳಿ ಬಿಡಬೇಡಿ. ಬಾಗಲಕೋಟೆಯವರು ಹೋಳಿ ಇಲ್ಲದ ಬಾಗಲಕೋಟೆ ತೋರಿಸಿದರೆ ಯಾರು ನಂಬ್ತಾರೆ? ಅರ್ಧ ಊರು ಹೋದ ಮೇಲೂ ಹಲಗಿ ವಾದ್ಯ ಬಡಿಯೋದು ನಿಂತಿಲ್ಲ, ಬಂಡಿ ಮೇಲೆ ಬಣ್ಣದ ಬ್ಯಾರಲ್ ಇಟ್ಟುಕೊಂಡು ಓಣಿ ಓಣಿ ಎರಚುತ್ತಾರೆ. ಅಪ್ಪ ಹೋದ ಮನೆಯ ಹುಡುಗರೂ ಅದರಲ್ಲಿ ಕುಣಿಯುತ್ತಾರೆ, ನಗುತ್ತಾರೆ. ನಗಲಿ ಬಿಡಿ. ಆ ಹುಡುಗ ಅಪ್ಪನ ಹಲಗಿ ಕೆಳಗಿಳಿಸಿ ಬಡಿಯಬೇಕು ಅಂತಾನೂ ಬೇಡ, ಅವನಿಗೆ ಅವನದೇ ಹಲಗಿ ಇರಲಿ.

ಅಪ್ಪ ಬರಬೇಕಾ ಅನ್ನೋದಕ್ಕೆ ನನ್ನ ಅಭಿಪ್ರಾಯ: ಬರಲಿ, ಆದರೆ ಕೊನೆಯಲ್ಲಿ ಬೇಡ. ಮುಕ್ಕಾಲು ಭಾಗಕ್ಕೇ ಬರಲಿ, ಕಾಯಿಲೆ ಇಟ್ಟುಕೊಂಡು ಬರಲಿ. ಉಳಿದ ಕಾಲು ಭಾಗ ಪೂರ್ತಿ ಅವನನ್ನು ನೋಡಿಕೊಳ್ಳೋ ಕೆಲಸ.


ಘಟಪ್ರಭೆ_ದಂಡೆ ಬರೆದದ್ದು:

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ತಂಡದವರನ್ನೆಲ್ಲ ಕೂಡಿಸಿ ಇಲ್ಲಿನದ್ದನ್ನು ಜೋರಾಗಿ ಓದಿದೆ. ಯಾಕೆ ಹೋದ ಅನ್ನೋ ದೃಶ್ಯ ತೆಗೆದಿದ್ದೇವೆ. ಅದರ ಬದಲು ಹಬ್ಬಗಳನ್ನೇ ಒಂದೊಂದಾಗಿ ಕಮ್ಮಿ ಮಾಡ್ತೀವಿ, ಹೇಳದೇನೇ. ಉದ್ರಿ ಅಂಗಡಿಯವನಿಗೆ ಹಳೇ ಓಣಿಯಲ್ಲಿ ದೊಡ್ಡ ಪಾತ್ರ ಬಂತು, ನವನಗರದ ಅಂಗಡಿಯವನಿಗೆ ಒಂದೇ ಮಾತು. ಮುಕಾದಮ ಬರುವ ಮನೆ ಮೂರನೆಯದು. ಮುಳುಗಡೆ ಮನೆ ಕಾಕಾ, ಬಾಗಿಲಿಗೆ ಸೀರೆ ಕಟ್ಟಿದ ಮನೆಯಿಂದಲೇ ಸಿನಿಮಾ ಶುರು ಮಾಡಬೇಕು ಅಂತ ಮಾತಾಗಿದೆ. ವಕೀಲರು ಹೇಳಿದ ಕುಂಕುಮದ ಮಾತು ಹಿರಿಯ ಹೆಂಗಸಿನ ಬಾಯಲ್ಲಿ ಬರುತ್ತದೆ, ಕೋರ್ಟಿನಲ್ಲಲ್ಲ, ಮನೆಯಲ್ಲಿ ರೊಟ್ಟಿ ಬಡಿಯುವಾಗ.

ಮಗ್ಗದ ಮನೆ ಅಕ್ಕಾ, ನಿಮ್ಮನ್ನು ಒಂದು ಕೇಳಬೇಕು. ಕಥೆಯ ಒಂದು ಮನೆಯಲ್ಲಿ ಮಗ್ಗ ಇಡೋಣ ಅಂತಿದ್ದೇವೆ. ನಿಮ್ಮ ಮನೆಯ ಮಗ್ಗ ನೋಡಲು ನಾವು ಬರಬಹುದಾ? ಅವ್ವನವರಿಗೆ ತೊಂದರೆ ಇಲ್ಲದಿದ್ದರೆ ಮಾತ್ರ. ಅವರ ಮಾತು, ಹೆಸರು ಯಾವುದನ್ನೂ ಕೇಳದೆ ಬಳಸಲ್ಲ.


ಮಗ್ಗದ_ಮನೆ ಬರೆದದ್ದು:

ಅವ್ವನನ್ನು ಕೇಳಿದೆ. ಬರಲಿ ಅಂದಳು, ಸಿನಿಮಾದವರಿಗೆ ಊಟಕ್ಕೆ ಏನು ಮಾಡಲಿ ಅಂತ ಚಿಂತೆ ಅವಳಿಗೆ. ಸಂತೆ ದಿನ ಬೇಡ, ಮಾವ ಸಿಗಲ್ಲ, ಮಗ್ಗದ ವಿಷಯ ಅವನಷ್ಟು ಬಿಡಿಸಿ ಹೇಳೋರು ಇಲ್ಲ. ಬರುವಾಗ ಅವ್ವನ ಪಾತ್ರ ಮಾಡುವವರನ್ನೂ ಕರ್ಕೊಂಡು ಬನ್ನಿ. ಒಂದು ವಾರನಾದರೂ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯಲಿ. ಗೊತ್ತಿಲ್ಲದವರು ಕೂತರೆ ಬೆನ್ನು ನೋಡಿದ ಕೂಡಲೇ ನಮ್ಮ ಕಡೆಯವರಿಗೆ ತಿಳಿಯುತ್ತದೆ.